ಬೈಂಡರಮ್ಮನ ಮನೆಗೆ ಫೈಬರ್ ಬಂದದ್ದು

ಬೀದಿಯವರೆಲ್ಲ ಅವಳನ್ನು ಬೈಂಡರಮ್ಮ ಎಂದೇ ಕರೆಯುತ್ತಿದ್ದರು. ಕರೆದರೆ ಅವಳಿಗೆ ಕೇಳಿಸುತ್ತಿರಲಿಲ್ಲ ಎನ್ನುವುದು ಬೇರೆ ಮಾತು. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಇಲ್ಲ. ಪ್ರೆಸ್ಸಿನ ಹಿಂಭಾಗದ ಉದ್ದನೆಯ ಕೋಣೆಯಲ್ಲಿ, ಬೇರೆಯವರು ಯಂತ್ರದ ಸದ್ದಿಗೆ ಹತ್ತಿ ತುರುಕಿಕೊಂಡು ತಲೆ ಹಿಡಿದುಕೊಳ್ಳುವ ಜಾಗದಲ್ಲಿ, ಅವಳು ನೆಮ್ಮದಿಯಾಗಿ ಕೂತು ಪುಸ್ತಕ ಹೊಲಿಯುತ್ತಾ ಅರ್ಧ ಆಯುಸ್ಸು ಕಳೆದಿದ್ದಳು. ಅದೇ ಪ್ರೆಸ್ಸಿನಲ್ಲಿ ಕಾಗದ ಕತ್ತರಿಸುವ ಯಂತ್ರದವನೇ ಅವಳ ಗಂಡ. ಮದುವೆಯಾದಾಗ ಅವನ ಕಿವಿ ನೆಟ್ಟಗಿತ್ತು. ಅಷ್ಟು ವರ್ಷ ಯಂತ್ರದ ಪಕ್ಕ ನಿಂತು ನಿಂತು ಅದೂ ಅರ್ಧಕ್ಕರ್ಧ ಹೋಯಿತು. “ನಿನ್ನ ಸಹವಾಸದಿಂದ ಹೀಗಾಯ್ತು” ಎಂದು ಅವನು ಆಗಾಗ ಹೆಂಡತಿಯನ್ನು ಕೆಣಕುತ್ತಾನೆ. ಅದನ್ನೂ ಕೈಯಲ್ಲೇ ಹೇಳಬೇಕು, ಮತ್ತು ಅವನ ಕೈಮಾತಿಗೆ ಇವತ್ತಿಗೂ ತೊದಲು. ಇಲ್ಲಿ ಬರುವ ಮಾತುಗಳಲ್ಲಿ ಹೆಚ್ಚಿನವು ಹೀಗೆ ಕೈಯಲ್ಲಿ ಆಡಿದವು. ಬೇರೆ ದಾರಿ ಇಲ್ಲದೆ ಬಾಯಿಮಾತಿನ ಹಾಗೆ ಬರೆಯಬೇಕಾಗಿದೆ.

ಅವಳು ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಒಬ್ಬಳ ಜೊತೆ ಮಾತ್ರ, ಒಡಹುಟ್ಟಿದ ತಂಗಿಯ ಜೊತೆ. ತಂಗಿಗೂ ಹುಟ್ಟುಕಿವುಡು. ಶಾಲೆಯಲ್ಲಿ ಕೈಮಾತು ಕಲಿಯುವುದಕ್ಕೆ ಮೊದಲೇ ಇಬ್ಬರೂ ಮಂಚದ ಮೇಲೆ ಎದುರುಬದುರು ಕೂತು ತಮ್ಮದೇ ಒಂದು ಭಾಷೆ ಕಟ್ಟಿಕೊಂಡಿದ್ದರು. ಅಪ್ಪ ಎನ್ನಲು ಹಣೆಯ ಮೇಲೆ ಕನ್ನಡಕ ಏರಿಸುವುದು, ಏಕೆಂದರೆ ಅದನ್ನು ಅಲ್ಲೇ ಇಟ್ಟುಕೊಂಡು ಅವರು ಮನೆಯೆಲ್ಲ ಹುಡುಕುತ್ತಿದ್ದರು. ಅಮ್ಮ ಎನ್ನಲು ಒದ್ದೆ ಕೈ ಒರೆಸುವುದು. ಸುಳ್ಳು ಅಳು, ಬೇಕಂತಲೇ ಬಂದ ಜ್ವರ, ಯಾರಿಗೂ ಹೇಳಬೇಡ, ಎಲ್ಲದಕ್ಕೂ ಒಂದೊಂದು ಬೆರಳಾಟ. ಅಪ್ಪ ಅಮ್ಮ ಅದನ್ನು ಅರೆಬರೆ ಅರ್ಥ ಮಾಡಿಕೊಳ್ಳುತ್ತಿದ್ದರು, ಈಗ ಅವರೂ ಇಲ್ಲ. ಆ ಭಾಷೆ ಗೊತ್ತಿರುವವರು ಈ ಭೂಮಿಯ ಮೇಲೆ ಇನ್ನು ಇಬ್ಬರೇ. ಒಬ್ಬಳು ಇಲ್ಲಿ, ಇನ್ನೊಬ್ಬಳು ರೈಲಿನಲ್ಲಿ ಒಂದು ಹಗಲು ಒಂದು ರಾತ್ರಿ ಕೂತರೆ ಸಿಗುವ ಊರಿನಲ್ಲಿ, ಬೇಕರಿಯಲ್ಲಿ ಕೆಲಸ ಮಾಡುವ ಮಗಳ ಜೊತೆ.

ಆ ತಂಗಿಗೆ ಈಗ ಕಣ್ಣು ಹೋಗುತ್ತಿತ್ತು. ಕೆಲವರಿಗೆ ಕಿವುಡಿನ ಜೊತೆಗೇ ಬರುವ ಕಾಯಿಲೆಯಂತೆ. ಮೊದಲು ಕತ್ತಲಾದರೆ ಕಾಣಿಸುವುದಿಲ್ಲ. ಆಮೇಲೆ ಅಂಚುಗಳಿಂದ ಕತ್ತಲು ಒಳಗೊಳಗೆ ಬಂದು, ಕೊಳವೆಯಲ್ಲಿ ನೋಡಿದಷ್ಟು ಜಾಗ ಮಾತ್ರ ಉಳಿಯುತ್ತದೆ. ಎಷ್ಟು ದಿನ ಉಳಿಯುತ್ತದೆ ಎಂದು ಡಾಕ್ಟರೂ ಹೇಳಲಿಲ್ಲ. ಪೂರ್ತಿ ಹೋದ ಮೇಲೆ ಮಾತಾಡಬೇಕಾದರೆ ಒಬ್ಬರ ಕೈಯನ್ನು ಇನ್ನೊಬ್ಬರು ಹಿಡಿದು, ಮುಟ್ಟಿ ತಿಳಿಯಬೇಕು, ಅದಕ್ಕೆ ಒಂದೇ ಕೋಣೆಯಲ್ಲಿರಬೇಕು. ತಂಗಿ ಮಗಳನ್ನೂ ಮನೆಯನ್ನೂ ಬಿಟ್ಟು ಬರುವಂತಿಲ್ಲ, ಅಕ್ಕ ಕೆಲಸವನ್ನೂ ಗಂಡನನ್ನೂ ಬಿಟ್ಟು ಹೋಗುವಂತಿಲ್ಲ. ಹಾಗಾಗಿ ಅಕ್ಕತಂಗಿಯರ ಮಾತು ತಂಗಿಯ ಕಣ್ಣಿರುವವರೆಗೆ, ಅದೂ ಫೋನಿನ ಪರದೆಯ ಮೇಲೆ. ಅಲ್ಲಿಯೋ, ಕಾಡುವ ಸಿಗ್ನಲ್ಲು. ಅರ್ಧಕ್ಕೆ ಎತ್ತಿದ ಕೈ ಅರ್ಧದಲ್ಲೇ ನಿಂತುಬಿಡುತ್ತಿತ್ತು. ಮತ್ತೆ ಚಿತ್ರ ಓಡುವ ಹೊತ್ತಿಗೆ ಒಂದು ಇಡೀ ಸಂಗತಿ ದಾಟಿ ಹೋಗಿರುತ್ತಿತ್ತು.

ಅಂಥ ಹೊತ್ತಿನಲ್ಲಿ ಬೀದಿಗೆ ಇಂಟರ್ನೆಟ್ಟಿನ ಫೈಬರ್ ಬಂತು. ರಸ್ತೆ ಅಗೆದರು, ಮುಚ್ಚಿದರು, ಮುಚ್ಚಿದ್ದನ್ನು ಇನ್ನೊಬ್ಬರು ಬಂದು ಅಗೆದರು. ಆಮೇಲೆ ಮೂರು ಕಂಪನಿಯವರು ಬೀದಿ ತುದಿಯಲ್ಲಿ ದೊಡ್ಡ ದೊಡ್ಡ ಕೊಡೆ ನೆಟ್ಟುಕೊಂಡು ಕೂತರು. ಗಂಡನ ಒಲವು ಆಟದ ಚಾನೆಲ್ಲುಗಳನ್ನು ಪುಕ್ಕಟೆ ಕೊಡುವವನ ಕಡೆಗಿತ್ತು. ಬೈಂಡರಮ್ಮ ಅದಕ್ಕೆ ಸೊಪ್ಪು ಹಾಕಲಿಲ್ಲ.

“ನನ್ನ ತಂಗಿ ಕಾಣ್ಬೇಕು. ಅದೊಂದನ್ನ ಕೇಳಿ ಅವರಿಗೆ” ಎಂದಳು.

ಗಂಡ ಕೇಳಿದ. ಹಳದಿ ಕೊಡೆಯ ಕೆಳಗಿದ್ದವನು ಚುರುಕಾಗಿದ್ದ. “ಕಾಣೋದೇನು ಸರ್, ಎದುರಿಗೇ ಕೂತ ಹಾಗಿರುತ್ತೆ. ನಮ್ಮ ಲೈನು ಆಗಲೇ ಮೂಲೆಯ ಔಷಧಿ ಅಂಗಡೀಲಿದೆ. ಬನ್ನಿ ಅಮ್ಮ, ಕಣ್ಣಾರೆ ನೋಡಿ” ಎಂದು ಇಬ್ಬರನ್ನೂ ಕರೆದುಕೊಂಡು ಹೋದ.

ಔಷಧಿ ಅಂಗಡಿಯ ಗಾಜಿನ ಕಪಾಟಿಗೆ ಫೋನ್ ಒರಗಿಸಿ ಅವಳು ತಂಗಿಗೆ ಕರೆ ಮಾಡಿದಳು. ತಂಗಿ ಬಂದಳು, ಹೇಗೆ ಬಂದಳೆಂದರೆ ಉಗುರಿನ ಅಂಚಿಗೆ ಮೆತ್ತಿದ್ದ ಹಿಟ್ಟು ಕೂಡ ಕಾಣುತ್ತಿತ್ತು. ಬೈಂಡರಮ್ಮ ಕೈಮಾತಿನವರೆಲ್ಲ ಮಾಡುವಂತೆ ಪರದೆಯ ಮೂಲೆಯ ಪುಟ್ಟ ಚೌಕದಲ್ಲಿ ತನ್ನನ್ನೂ ನೋಡಿಕೊಂಡಳು. ಕೈ ಚೌಕದೊಳಗಿದೆಯೇ, ಬೆಳಕು ಸಾಕೇ ಎಂದು ಅವರು ನೋಡಿಕೊಳ್ಳುವುದು ಅಲ್ಲೇ. ತನ್ನ ಹತ್ತು ಬೆರಳೂ ಬಿಡಿಬಿಡಿಯಾಗಿ ಕಂಡವು. ಇನ್ನೇನು ಬೇಕು?

“ನಾನು ಕಾಣ್ತೀನಾ?” ಎಂದು ಕೇಳಿದಳು.

ತಂಗಿ ಸ್ವಲ್ಪ ಹೊತ್ತು ನೋಡಿ, “ಕಾಣ್ತೀಯ” ಎಂದಳು.

ಅದೇ ವಾರ ಹಳದಿ ಕೊಡೆಯವನ ತಂತಿ ಮನೆಯೊಳಕ್ಕೆ ಬಂತು. ಬೈಂಡರಮ್ಮ ಕಿಟಕಿಯ ಪಕ್ಕದ ಕುರ್ಚಿಯನ್ನು ತಂಗಿಯ ಜೊತೆಗಿನ ಮಾತಿಗೆಂದೇ ಮೀಸಲಿಟ್ಟಳು. ಕೈ ಎದ್ದು ಕಾಣಲೆಂದು ಗೆರೆ ಹೂವಿಲ್ಲದ ಗಾಢ ನೀಲಿ ಬಟ್ಟೆ ಹೊಲಿಸಿಕೊಂಡಳು. ಮಧ್ಯಾಹ್ನ ಊಟದ ಬಿಡುವಿಗೆ ಪ್ರೆಸ್ಸಿನಿಂದ ಓಡಿ ಬಂದು, ಎರಡು ತುತ್ತು ಬಾಯಿಗೆ ಹಾಕಿಕೊಂಡು ಆ ಕುರ್ಚಿಯಲ್ಲಿ ಕೂರುತ್ತಿದ್ದಳು. ತಂಗಿಯ ಕಿಟಕಿಯಲ್ಲಿ ಒಳ್ಳೆಯ ಬೆಳಕಿರುವುದೂ ಆ ಹೊತ್ತಿಗೇ. ಚಿತ್ರ ಒಂದು ದಿನವೂ ನಿಲ್ಲಲಿಲ್ಲ. ಗಂಡನಿಗೆ ಆಟದ ಚಾನೆಲ್ಲು ತಪ್ಪಿದ ಕೊರಗೊಂದು ಬಿಟ್ಟರೆ ಮನೆಯಲ್ಲಿ ಎಲ್ಲವೂ ಸರಿಯಾಗಿತ್ತು.

ಸರಿಯಿಲ್ಲದ್ದು ತಂಗಿ. ದಿನ ಕಳೆದಂತೆ ಅವಳು ಮಾತು ಕಡಿಮೆ ಮಾಡಿದಳು. ಏನು ಹೇಳಿದರೂ ನಗುವುದು, ತಲೆಯಾಡಿಸುವುದು. ಒಂದು ದಿನ ಬೈಂಡರಮ್ಮ ತನ್ನ ಪಕ್ಕದಲ್ಲೇ ಕೂತು ಹೊಲಿಯುತ್ತಿದ್ದ ಹಳೆಯ ಗೆಳತಿ ತೀರಿಕೊಂಡದ್ದನ್ನು ಹೇಳಿದಳು. ಹೇಗೆ ಬಿದ್ದಳು, ಯಾರು ಎತ್ತಿದರು, ಹೆಣದ ಮುಖ ಹೇಗಿತ್ತು, ಎಲ್ಲ. ತಂಗಿ ಅದಕ್ಕೂ ನಕ್ಕು ತಲೆಯಾಡಿಸಿದಳು.

ಬೈಂಡರಮ್ಮ, ತನ್ನ ಮಾತು ಇವಳಿಗೆ ಬೇಸರವಾಗಿದೆ, ಕಣ್ಣಿನ ಚಿಂತೆಯಲ್ಲಿ ಅಕ್ಕನೂ ಬೇಡವಾಗಿದ್ದಾಳೆ ಎಂದುಕೊಂಡಳು. ಬಿಡಿಸಿ ಕೇಳಲಿಲ್ಲ, ಮುನಿಸಿಕೊಂಡಳು. ಆ ಮನೆತನದ ಹೆಣ್ಣುಮಕ್ಕಳ ಗುಣವೇ ಅದು, ಮುನಿಸಿಗೆ ಅವರಲ್ಲಿ ಯಾವತ್ತೂ ಬರವಿಲ್ಲ. ದಿನಕ್ಕೊಮ್ಮೆ ಆಗುತ್ತಿದ್ದ ಮಾತು ವಾರಕ್ಕೊಮ್ಮೆ ಆಯಿತು. ಒಂದೆರಡು ವಾರ ಅದೂ ತಪ್ಪಿತು. ತಂಗಿಯ ಕಣ್ಣು ಮಾತ್ರ ಯಾರ ಮುನಿಸಿಗೂ ಕಾಯದೆ ತನ್ನ ಪಾಡಿಗೆ ಹೋಗುತ್ತಿತ್ತು.

ಒಂದು ಮಧ್ಯಾಹ್ನ, ಬೇಕರಿಯಲ್ಲಿ ಒಲೆ ಕೆಟ್ಟು ತಂಗಿಯ ಮಗಳು ಬೇಗ ಮನೆಗೆ ಬಂದಳು. ಅಮ್ಮ ಅಕ್ಕನ ಜೊತೆ ಮಾತಿನಲ್ಲಿ, ಪರದೆಗೆ ಮುಖ ತಾಗುವಷ್ಟು ಬಗ್ಗಿ ಕೂತಿದ್ದಳು. ಹುಡುಗಿ ಹಿಂದಿನಿಂದ ಇಣುಕಿದಳು. ಮರುಗಳಿಗೆ ಬೈಂಡರಮ್ಮನ ಫೋನಿಗೆ ಒಂದು ಬರಹ ಬಂತು.

“ದೊಡ್ಡಮ್ಮ, ನಿಮ್ಮ ಚಿತ್ರ ಯಾಕೆ ಹೀಗಿದೆ?”

“ಹೇಗಿದೆ?”

“ನೀಲಿ ಬಟ್ಟೆ ಗೊತ್ತಾಗತ್ತೆ. ಮುಖ ಇದೆ ಅಂತ ಗೊತ್ತಾಗತ್ತೆ. ಕೈ ಆಡಿಸಿದ್ರೆ ಬರೀ ಮಸಿ ಬಳಿದ ಹಾಗೆ. ಒಂದು ಬೆರಳೂ ಕಾಣ್ತಿಲ್ಲ. ಯಾವಾಗ್ಲೂ ಹೀಗೇನಾ?”

ಬೈಂಡರಮ್ಮ ಮೂಲೆಯ ಚೌಕ ನೋಡಿದಳು. ಬೆರಳುಗಳು ಬಿಡಿಬಿಡಿಯಾಗಿ, ಹೊಲಿಗೆ ಸೂಜಿ ಚುಚ್ಚಿದ ಗಾಯದ ಸಮೇತ ಕಾಣುತ್ತಿದ್ದವು. “ನನಗೆ ಚೆನ್ನಾಗೇ ಕಾಣ್ತಿದೆಯಲ್ಲ!” ಎಂದು ಬರೆದಳು.

“ಅದು ನಿಮ್ಮ ಫೋನು ನಿಮಗೇ ತೋರಿಸೋದು ದೊಡ್ಡಮ್ಮ. ಲೈನ್ ಎಷ್ಟೇ ಕೆಟ್ಟಿದ್ರೂ ಅದು ಚೆನ್ನಾಗೇ ಕಾಣತ್ತೆ. ಇಲ್ಲಿಗೆ ಬರೋದು ಅದಲ್ಲ.”

ಇಷ್ಟು ತಿಂಗಳೂ ಅವಳು ಮಾತಾಡಿದ್ದು ತನ್ನ ಜೊತೆಗೇ. ಗೆಳತಿ ಸತ್ತದ್ದನ್ನು ಹೇಳಿಕೊಂಡದ್ದೂ ತನಗೇ. ಪರದೆಯ ತೀರ ಹತ್ತಿರ ಕೈಯೊಡ್ಡಿ, ಒಂದೊಂದೇ ಗುರುತನ್ನು ಮಗುವಿಗೆ ಕಲಿಸುವಂತೆ ನಿಧಾನವಾಗಿ ಮಾಡುತ್ತಾ, ತಂಗಿಯನ್ನು ಕೇಳಿದಳು: “ಕಾಣಲ್ಲ ಅಂತ ಯಾಕೇ ಹೇಳ್ಲಿಲ್ಲ?”

ತಂಗಿಗೆ ಅದೂ ಕಾಣಲಿಲ್ಲ, ಹುಡುಗಿಗೆ ಬರೆದು ಕಳಿಸಬೇಕಾಯಿತು. ಮಗಳು ಪಕ್ಕದಲ್ಲಿ ಕೂತು ಅಮ್ಮನ ಕಣ್ಣೆದುರು ಅದನ್ನೇ ಕೈಮಾತಿನಲ್ಲಿ ಮಾಡಿ ತೋರಿಸಿದಳು. ಆಗ ತಂಗಿ ಕೈ ಎತ್ತಿದಳು.

“ಲೈನ್ ಹೊಸದು, ಒಂದು ಸಲಾನೂ ನಿಲ್ಲಲ್ಲ. ಹಾಗಾದ್ರೆ ನನ್ನ ಕಣ್ಣೇ ಹೋಗ್ತಿದೆ ಅಂದ್ಕೊಂಡೆ. ಮಗಳ ಮುಖ ಕಾಣತ್ತೆ, ಎದುರುಗೋಡೆ ಕಾಣತ್ತೆ, ನಿನ್ನ ಬೆರಳು ಮಾತ್ರ ಇಲ್ಲ. ಸಣ್ಣದು ಮೊದಲು ಹೋಗತ್ತೇನೋ, ಅಂತ. ನಿನಗೆ ಹೇಳಿದ್ರೆ ನೀನು ಊಟ ನಿದ್ದೆ ಬಿಡ್ತೀಯ ಅಕ್ಕ. ಅದಕ್ಕೆ ನಗ್ತಾ ಇದ್ದೆ.”

ಬೈಂಡರಮ್ಮ ಆ ಮಧ್ಯಾಹ್ನ ಪ್ರೆಸ್ಸಿಗೆ ವಾಪಸ್ಸು ಹೋಗಲಿಲ್ಲ. ಕಿಟಕಿಯ ಪಕ್ಕದ ಕುರ್ಚಿಯಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಇನ್ನೂ ಬಾರದ ಕುರುಡುತನವನ್ನು ತಂಗಿ ಒಬ್ಬಳೇ ನುಂಗಿಕೊಂಡು ಕೂತಿದ್ದಾಗ, ತಾನು ಮುನಿಸಿಕೊಂಡು ಫೋನೆತ್ತದೆ ಇದ್ದೆನಲ್ಲ ಎನ್ನುವುದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚಾಗಿ ಚುಚ್ಚಿತು.

ಅರ್ಧ ಕಿವಿಯ ಗಂಡ ಕಂಪನಿಗೆ ಫೋನ್ ಮಾಡಿ ಅರ್ಧಂಬರ್ಧ ಕೇಳಿಸಿಕೊಂಡು ಜಗಳವಾಡಿದ. ಕೊನೆಗೆ ಏಣಿ ಹೊತ್ತುಕೊಂಡು ಬಂದ ಕೆಲಸದವನು ವಿಷಯ ಬಿಡಿಸಿ ಹೇಳಿದ. ಅವರ ಫೈಬರ್ ಬೀದಿ ಕೊನೆಯ ಪೆಟ್ಟಿಗೆಯವರೆಗೆ ಮಾತ್ರ. ಅಲ್ಲಿಂದ ಮನೆಗೆ ಬರುವುದು ಟೀವಿಯ ಹಳೇ ಕೇಬಲ್ಲೇ. “ಇದರಲ್ಲಿ ಮನೆಗೆ ಬರೋದು ಧಾರಾಳವಾಗಿ ಬರತ್ತೆ ಸರ್, ಮನೆಯಿಂದ ಹೋಗೋದು ಕಮ್ಮಿ. ಎಲ್ರಿಗೂ ಸಿನಿಮಾ ನೋಡೋಕೆ ತಾನೇ ಬೇಕಿರೋದು? ಹೊರಗೆ ಕಳಿಸೋಕೆ ಯಾರ ಹತ್ರ ಏನಿರತ್ತೆ?” ಎಂದ. ಅವನನ್ನು ಬೈದು ಫಲವಿರಲಿಲ್ಲ. ಹಳದಿ ಕೊಡೆಯವನೂ ಸುಳ್ಳು ಹೇಳಿರಲಿಲ್ಲ. ತಂಗಿ ಕಾಣಬೇಕು ಎಂದು ಇವಳು ಕೇಳಿದ್ದಳು, ತಂಗಿ ಕಂಡಿದ್ದಳು.

ಎರಡನೆಯ ಸಲ ಅವಳು ಕೊಡೆಗಳ ಕಡೆ ತಲೆ ಹಾಕಲಿಲ್ಲ. ಮನೆಯಿಂದ ಹೊರಕ್ಕೆ ಕಳಿಸುವ ಕೆಲಸ ಬೀದಿಯಲ್ಲಿ ಯಾರಿಗಿದೆ ಎಂದು ಗಂಡನನ್ನು ಕೇಳಿದಳು. ಅವನು ಯೋಚಿಸಿ, ಹಿಂದಿನ ರಸ್ತೆಯ ಪಿಟೀಲು ಮೇಷ್ಟ್ರ ಹೆಸರೆತ್ತಿದ. ಮನೆಯಲ್ಲೇ ಕೂತು ಪರದೆಯ ಮೂಲಕ ಪರದೇಶದ ಮಕ್ಕಳಿಗೆ ಪಾಠ ಹೇಳುವವರು. ಕಿವುಡಿಯೊಬ್ಬಳು ತಮ್ಮ ಮನೆ ಬಾಗಿಲು ಹುಡುಕಿಕೊಂಡು ಬಂದದ್ದಕ್ಕೆ ಮೇಷ್ಟ್ರು ಮೊದಲು ಕಕ್ಕಾಬಿಕ್ಕಿಯಾದರು. ಸಂಗತಿ ತಿಳಿದ ಮೇಲೆ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ತಮ್ಮ ಕುರ್ಚಿಯನ್ನೇ ಬಿಟ್ಟುಕೊಟ್ಟರು. ಅವರ ಮನೆಗೆ ಫೈಬರ್ ಗೋಡೆ ತೂರಿ ಒಳಗಿನ ಡಬ್ಬಿಯವರೆಗೂ ಬಂದಿತ್ತು, ಬರುವುದು ಹೋಗುವುದು ಎರಡೂ ಒಂದೇ ವೇಗ.

ಈ ಸಲ ಬೈಂಡರಮ್ಮ ಮೂಲೆಯ ಚೌಕವನ್ನು ಬೆರಳಿನಿಂದ ಮುಚ್ಚಿದಳು. ತಂಗಿಯನ್ನೂ ಕೇಳಲಿಲ್ಲ. ಅವಳ ಮಗಳನ್ನು ಪರದೆಯ ಮುಂದೆ ಕೂರಿಸಿ, ಒಂಟಿ ಕೈಯಲ್ಲಿ ಏನೇನೋ ಬೆರಳು ಮಡಚಿ ಬಿಚ್ಚಿ, ಕಂಡದ್ದನ್ನು ಕಂಡ ಹಾಗೆ ಬರೆ ಎಂದಳು. ಹುಡುಗಿ ಒಂದೂ ತಪ್ಪದೆ ಬರೆದಳು. ಕೊನೆಯಲ್ಲಿ “ದೊಡ್ಡಮ್ಮ, ತೋರುಬೆರಳಿಗೆ ಔಷಧಿ ಹಚ್ಚಿ” ಎಂದೂ ಬರೆದಳು.

ಮೇಷ್ಟ್ರ ಮನೆಯಂಥದೇ ಹೊಸ ಲೈನು ಮನೆಗೆ ಬಂದ ಮೇಲಿನ ಮೊದಲ ರಜೆಯ ದಿನ ಬೈಂಡರಮ್ಮ ನೀಲಿ ಬಟ್ಟೆ ಹಾಕಿಕೊಂಡು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಳು. ಹೇಳಬೇಕಾದ್ದು ರಾಶಿ ಇತ್ತು. ಗೆಳತಿಯ ಸಾವು ಮೊದಲಿನಿಂದ ಹೇಳಬೇಕು, ಕ್ಷಮೆ ಕೇಳಬೇಕು, ಮುಂದೆ ಕೈಯೊಳಗೆ ಕೈಯಿಟ್ಟು ಮಾತಾಡುವುದನ್ನು ಕಲಿಯಲು ರಜೆ ಹಾಕಿ ಬರುತ್ತೇನೆ ಎನ್ನಬೇಕು. ತಂಗಿ ಪರದೆಯ ಮೇಲೆ ಬಂದಳು. ಅವಳ ನೋಟ ಈಗ ನಿಜವಾಗಿಯೂ ಸಣ್ಣದಾಗಿತ್ತು. ಅಕ್ಕನ ಹಣೆ, ಕಣ್ಣು, ಗಲ್ಲ ಎಂದು ಒಂದೊಂದಾಗಿ ಹುಡುಕಿಕೊಂಡು ನೋಡಬೇಕಾಗಿತ್ತು. ನೋಡುತ್ತಾ ನೋಡುತ್ತಾ ಅವಳ ಮುಖ ಬದಲಾಯಿತು.

“ಅಕ್ಕ, ಕೂದಲು ಯಾವಾಗ ಬೆಳ್ಳಗಾಯ್ತೇ?”

“ಆಗಿದೆ ಬಿಡೇ. ಅದಿರಲಿ, ನಾನು ಹೇಳ್ಬೇಕಾದ್ದು ಬೇಕಾದಷ್ಟಿದೆ...”

ತಂಗಿ ಅಂಗೈ ಎತ್ತಿ ತಡೆದಳು.

“ಕೊನೇ ಸಲ ನೋಡಿದ ಮುಖ ಅಂತ ಒಂದನ್ನ ಮನಸ್ಸಲ್ಲಿ ಇಟ್ಕೊಂಡಿದ್ದೆ. ಇನ್ನು ಅದರಲ್ಲೇ ಕಾಲ ಹಾಕ್ಬೇಕು ಅಂತ. ಅದರಲ್ಲಿ ಬಿಳಿ ಕೂದಲಿರ್ಲಿಲ್ಲ, ಕಣ್ಣಿನ ಕೆಳಗೆ ಈ ಗೆರೆಗಳೂ ಇರ್ಲಿಲ್ಲ. ಅದು ಸುಳ್ಳು ಮುಖ ಅಕ್ಕ. ಮಾತು ಆಮೇಲೆ ಕೈ ಹಿಡ್ಕೊಂಡಾದ್ರೂ ಆಗತ್ತೆ. ಈಗ ಏನೂ ಹೇಳ್ಬೇಡ. ಸುಮ್ನೆ ಕೂತ್ಕೋ, ನೋಡ್ಕೋತೀನಿ.”

ಬೈಂಡರಮ್ಮ ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಕಣ್ಣೀರು ಬಂತು, ಒರೆಸಿಕೊಳ್ಳಲು ಕೈ ಎತ್ತಿದರೆ ಮುಖ ಮರೆಯಾಗುತ್ತದೆಂದು ಹಾಗೇ ಬಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ, ತಂಗಿಗೆ ಮುಖದ ಇನ್ನೊಂದು ಪಕ್ಕವೂ ಕಾಣಲಿ ಎಂದು ಮುಖವನ್ನು ನಿಧಾನವಾಗಿ ಕಿಟಕಿಯ ಕಡೆಗೆ ತಿರುಗಿಸಿದಳು.