ಏಸಿ ಸರಿಯಾಗಿಯೇ ಇತ್ತು

2023ರ ಬೇಸಿಗೆಯಲ್ಲಿ ನಾನು ಚಿಕ್ಕಬಳ್ಳಾಪುರದಲ್ಲಿ ಕೊರಿಯಾದ ಒಂದು ಕಾರು ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ವರ್ಕ್ಸ್ ಮ್ಯಾನೇಜರ್ ಆಗಿದ್ದೆ. ನಿವೃತ್ತಿಗೆ ಇನ್ನೊಂದು ವರ್ಷ ಉಳಿದಿತ್ತು. ವರ್ಕ್ಸ್ ಮ್ಯಾನೇಜರ್ ಎಂದರೆ ಕೆಟ್ಟು ಒಳಗೆ ಬಂದ ಗಾಡಿ ಸರಿಯಾಗಿ ಹೊರಗೆ ಹೋಗುವಂತೆ ನೋಡಿಕೊಳ್ಳುವವನು. ಸರಿಯಾಗದಿದ್ದರೆ ಗ್ರಾಹಕರ ಮುಂದೆ ನಿಂತು ಬೈಸಿಕೊಳ್ಳುವವನೂ ಅವನೇ. ಎರಡನೆಯ ಕೆಲಸದಲ್ಲಿ ನನಗೆ ಒಳ್ಳೆಯ ಅನುಭವವಿತ್ತು.

ಆ ಕಂಪನಿ ನಮ್ಮ ದೇಶಕ್ಕೆ ಕಾಲಿಟ್ಟ ಹೊಸದರಲ್ಲೇ ನಾನು ಮೆಕ್ಯಾನಿಕ್ ಆಗಿ ಸೇರಿದೆ. ಅದರ ಮೊದಲ ಚಿಕ್ಕ ಕಾರನ್ನು ನೋಡಿ ಜನ ನಕ್ಕಿದ್ದರು. ಕಾರು ಅಗಲಕ್ಕಿಂತ ಎತ್ತರವೇ ಜಾಸ್ತಿ ಎಂಬಂತಿತ್ತು. ಆದರೆ ನಮ್ಮ ಕಡೆಯ ಯಜಮಾನರು ತಲೆಯ ರುಮಾಲು ಬಿಚ್ಚದೆ ಅದರೊಳಗೆ ಕೂತು ನೋಡಿದರು, ಏಸಿ ಹಾಕಿಸಿ ನೋಡಿದರು, ನಗು ನಿಂತಿತು. ನಂದಿಯ ತಪ್ಪಲಿನಿಂದ ಚಿಂತಾಮಣಿಯವರೆಗೆ ಆ ಕಾರಿನ ಏಸಿಯನ್ನು ಹೊಗಳದ ಮಾಲೀಕನನ್ನು ನಾನು ಕಂಡಿಲ್ಲ. ಅವರ ಕೆಲವು ಅಭ್ಯಾಸಗಳು ಮಾತ್ರ ನನ್ನ ತಲೆ ಕೆಡಿಸುತ್ತಿದ್ದವು. ಹೊಸ ಸೀಟಿನ ಪ್ಲಾಸ್ಟಿಕ್ ಕವರನ್ನು ಮಗು ಶಾಲೆಗೆ ಸೇರುವವರೆಗೂ ತೆಗೆಯುವುದಿಲ್ಲ. ಕಾರ್ಪೆಟ್ ಕೊಳೆಯಾಗುತ್ತದೆಂದು ಹೊರಗಿನ ಅಂಗಡಿಯಲ್ಲಿ ಅದರ ಮೇಲೆ ದಪ್ಪ ರೆಕ್ಸಿನ್ ಅಂಟಿಸುತ್ತಾರೆ. ಅದಕ್ಕೆ ಫ್ಲೋರ್ ಲ್ಯಾಮಿನೇಷನ್ ಎನ್ನುತ್ತಾರೆ. ಮೇಲೆ ಒರೆಸಿದರೆ ಫಳಫಳ ಹೊಳೆಯುತ್ತದೆ, ಅಂಚಿನಿಂದ ಇಳಿದ ನೀರು ಕೆಳಗೆ ವರ್ಷಗಟ್ಟಲೆ ಕೊಳೆಯುತ್ತದೆ. ಬೇಡ ಎಂದು ಹೇಳಿ ಹೇಳಿ ನನಗೆ ಸಾಕಾಗಿ ಹೋಗಿತ್ತು.

ಕಂಪನಿಯ ಚರಿತ್ರೆಯನ್ನು ನಮಗೆ ಟ್ರೇನಿಂಗಿನಲ್ಲಿ ಪಾಠದ ಹಾಗೆ ಹೇಳುತ್ತಿದ್ದರು. ಯುದ್ಧದಲ್ಲಿ ಬೂದಿಯಾದ ದೇಶ. ರಿಪೇರಿ ಶೆಡ್ಡು, ರಸ್ತೆ ಕಂಟ್ರಾಕ್ಟು ಎಂದು ಶುರುಮಾಡಿದವರು ಕಾರು ಕಟ್ಟುವುದನ್ನು ಕಲಿತು ಅಮೆರಿಕಕ್ಕೂ ಕಳಿಸಿದರು. ಅಲ್ಲಿ ಆ ಕಾರುಗಳ ಹೆಸರು ಕೆಟ್ಟಿತು. ಟೀವಿಯಲ್ಲಿ ಕೂತು ಜೋಕು ಮಾಡುವಷ್ಟು ಕೆಟ್ಟಿತು. ಆಗ ಕಂಪನಿ ಯಾರೂ ಕೊಡದಷ್ಟು ದೀರ್ಘ ವಾರಂಟಿ ಕೊಟ್ಟು, ಕೆಟ್ಟರೆ ನಮ್ಮ ಜವಾಬ್ದಾರಿ ಎಂದು ನಿಂತಿತು. ಹೋದ ನಂಬಿಕೆ ನಿಧಾನವಾಗಿ ವಾಪಸ್ಸು ಬಂತು. ಈ ಕಥೆಯನ್ನು ನಾನು ನಂಬಿದ್ದೆ. ನನ್ನ ಕೈಕೆಳಗಿನ ಹುಡುಗರಿಗೆ ಅದನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ.

ಆ ಬೇಸಿಗೆಯ ಒಂದು ಬೆಳಿಗ್ಗೆ ದಿಬ್ಬೂರಹಳ್ಳಿಯ ಪದ್ಮಮ್ಮ ತಮ್ಮ ಕಾರನ್ನು ತಾವೇ ಓಡಿಸಿಕೊಂಡು ಬಂದರು. ಜೊತೆಗೆ ಅವರ ಗಂಡ ಮುನಿರಾಜು. ಪದ್ಮಮ್ಮ ಊರಿನಲ್ಲಿ ಚಾಕಿ ಕೇಂದ್ರ ನಡೆಸುತ್ತಿದ್ದರು. ರೇಷ್ಮೆ ಹುಳು ಮೊಟ್ಟೆಯೊಡೆದು ಬಂದ ಮೊದಲ ದಿನಗಳಲ್ಲಿ ಎಳೆಗೂಸಿಗಿಂತ ಸೂಕ್ಷ್ಮ. ಆ ಹಂತದ ಹುಳುವಿಗೆ ಚಾಕಿ ಎನ್ನುತ್ತಾರೆ. ಎರಡನೇ ಜ್ವರ, ಅಂದರೆ ಎರಡನೇ ಸಲ ಪೊರೆ ಬಿಡುವುದು, ಮುಗಿಯುವವರೆಗೆ ಪದ್ಮಮ್ಮ ಸಾಕಿ, ಆಮೇಲೆ ಟ್ರೇಗಳಲ್ಲಿ ರೈತರ ಮನೆಗೆ ತಲುಪಿಸುತ್ತಿದ್ದರು. ಕಾರು ಕೊಂಡಿದ್ದೇ ಅದಕ್ಕೆ. ಹಿಂದಿನ ಸೀಟು ಮಡಿಸಿ ಟ್ರೇ ಜೋಡಿಸಿ, ಏಸಿ ಹಾಕಿಕೊಂಡು ಕೈವಾರದ ಆಚೆಗೂ ಹೋಗುತ್ತಿದ್ದರು. ಹುಳುವಿಗೆ ವಾಸನೆ ಆಗದು ಎಂದು ಆ ಕಾರಿನಲ್ಲಿ ಸೆಂಟು, ಊದುಬತ್ತಿ, ಮಲ್ಲಿಗೆ ಹೂವು ಯಾವುದಕ್ಕೂ ಪ್ರವೇಶವಿರಲಿಲ್ಲ.

ಅವರು ಕುರ್ಚಿಯಲ್ಲಿ ಕೂರಲಿಲ್ಲ. ನಿಂತೇ ಹೇಳಿದರು.

"ಸಾರ್, ನಿಮ್ ಏಸಿ ನನ್ ಹುಳ ಸಾಯಿಸ್ತೈತೆ."

ಇಷ್ಟು ವರ್ಷಗಳಲ್ಲಿ ಏಸಿಯ ಮೇಲೆ ಕೇಳಿದ ದೂರುಗಳಲ್ಲಿ ಇದು ಹೊಸದು. ನಗು ಬಂತು, ಅವರ ಮುಖ ನೋಡಿ ನುಂಗಿಕೊಂಡೆ.

"ಕಿಟಕಿ ತೆಕ್ಕೊಂಡು ಹೋದ್ ದಿನ ಏನೂ ಆಗಲ್ಲ. ಬಿಸ್ಲು ಅಂತ ಏಸಿ ಹಾಕ್ಕೊಂಡು ಹೋದ್ ದಿನ, ರೈತರ ಮನೆಗೆ ಕೊಟ್ಟು ಬಂದ ಮಾರನೇ ದಿನಕ್ಕೆಲ್ಲ ಹುಳ ಹೋಗ್ತೈತೆ. ಬೇರೆ ಬೇರೆ ಊರು, ಬೇರೆ ಬೇರೆ ಸೊಪ್ಪು ಸಾರ್. ಇನ್ನೊಂದ್ ಸಲ ಹಿಂಗಾದ್ರೆ ನನ್ ಹತ್ರ ಯಾರೂ ಚಾಕಿ ತಗೊಳಲ್ಲ."

ಮುನಿರಾಜು ಪಕ್ಕದಲ್ಲಿ ನಿಂತು, "ಗ್ಯಾಸ್ ಲೀಕ್ ಇರ್ಬೇಕು ಸಾರ್" ಎಂದರು. ಅದು ನನ್ನ ಮೊದಲ ಅನುಮಾನವೂ ಆಗಿತ್ತು. ಏಸಿಯಲ್ಲಿ ತಂಪು ಮಾಡುವ ಗ್ಯಾಸ್ ಇರುತ್ತದೆ. ಅದು ಸೋರಿದರೆ ಹಿಡಿಯಲು ಒಂದು ಯಂತ್ರವಿದೆ, ಸೋರುವ ಕಡೆ ಹಿಡಿದರೆ ಕೀಚುಗುಟ್ಟುತ್ತದೆ. ಟೆಕ್ನಿಷಿಯನ್ ಅಸ್ಲಂ ಅದನ್ನು ಕಾರಿನ ಮೂಲೆಮೂಲೆಗೂ ಹಿಡಿದ. ಯಂತ್ರ ಬಾಯಿ ಬಿಡಲಿಲ್ಲ. ಪ್ರೆಷರ್ ಸರಿ, ತಂಪು ಸರಿ, ಫಿಲ್ಟರ್ ಸರಿ. ಸಾಮಾನ್ಯವಾಗಿ ಇಂಥಲ್ಲಿ ನಾವು ದೋಷ ಕಂಡುಬಂದಿಲ್ಲ ಎಂದು ಬರೆದು ಗಾಡಿ ತೊಳೆದು ಕಳಿಸುತ್ತೇವೆ. ಅವತ್ತು ನನಗೆ ಹಾಗೆ ಬರೆಯಲು ಮನಸ್ಸಾಗಲಿಲ್ಲ. ಒಂದು ಟ್ರೇ ಹುಳು ತಂದರೆ ನಮ್ಮ ಕಣ್ಣೆದುರೇ ನೋಡಿಬಿಡೋಣ ಎಂದೆ.

ಮಾರನೇ ದಿನ ತಂದರು. ಟ್ರೇಯನ್ನು ಹಿಂದೆ ಇಟ್ಟು, ಗಾಜು ಏರಿಸಿ, ಏಸಿ ಹಾಕಿ, ರೀಸರ್ಕ್ಯುಲೇಷನ್ ಬಟನ್ ಒತ್ತಿದೆವು. ಆ ಬಟನ್ ಒತ್ತಿದರೆ ಏಸಿ ಹೊರಗಿನ ಗಾಳಿ ಬಿಟ್ಟು ಕಾರಿನೊಳಗಿನ ಗಾಳಿಯನ್ನೇ ಮತ್ತೆ ಮತ್ತೆ ಎಳೆದುಕೊಳ್ಳುತ್ತದೆ. ಬೇಗ ತಂಪಾಗಲೆಂದು ಎಲ್ಲ ಮಾಲೀಕರೂ ಒತ್ತುವ ಬಟನ್ ಅದು. ಗಾಳಿ ಎಳೆಯುವ ಬಾಯಿ ಇರುವುದು ಮುಂದಿನ ಎಡಸೀಟಿನವರು ಕಾಲಿಡುವ ಜಾಗದ ಹತ್ತಿರ. ನಾವು ಮಧ್ಯಾಹ್ನದ ಊಟ ಮುಗಿಸಿ ಬಂದು ಬಾಗಿಲು ತೆಗೆದೆವು. ಹುಳುಗಳು ತಲೆ ಮೇಲೆತ್ತಿ ಆಕಡೆ ಈಕಡೆ ತೂಗುತ್ತಿದ್ದವು. ಕೆಲವು ಆಗಲೇ ಹಸಿರು ನೀರು ಕಕ್ಕಿ ಮುದುಡಿದ್ದವು. ಪದ್ಮಮ್ಮ ಟ್ರೇಯನ್ನು ಎತ್ತಿಕೊಂಡು ನೆರಳಿಗೆ ಓಡಿದರು. ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೂ ಓಡಿದರು.

"ಇದು ರೋಗ ಅಲ್ಲ ಸಾರ್. ಔಷ್ದಿ" ಎಂದರು ಅಲ್ಲಿಂದಲೇ. ಔಷಧಿ ಎಂದರೆ ನಮ್ಮ ಕಡೆ ತೋಟಕ್ಕೆ ಹೊಡೆಯುವ ಕೀಟನಾಶಕ.

ಎಡಸೀಟು ಬಿಚ್ಚಲು ಅಸ್ಲಂಗೆ ಹೇಳಿದೆ. ಸೀಟಿನ ಕೆಳಗೆ ಲ್ಯಾಮಿನೇಷನ್ ಹೊಸದರಂತೆ ಹೊಳೆಯುತ್ತಿತ್ತು. ಬ್ಲೇಡಿನಿಂದ ಕೊಯ್ದು ಎತ್ತಿದಾಗ ವಾಸನೆ ಬಡಿಯಿತು. ಅಸ್ಲಂ ಕೆಮ್ಮುತ್ತಾ ಹಿಂದಕ್ಕೆ ಬಂದ. ಕೆಳಗಿನ ಕಾರ್ಪೆಟ್ಟು, ಅದರ ಕೆಳಗಿನ ದಪ್ಪ ಫೆಲ್ಟ್ ಹಾಸು ಕಂದು ಬಣ್ಣಕ್ಕೆ ತಿರುಗಿ ಇನ್ನೂ ತೇವವಾಗಿಯೇ ಇದ್ದವು. ರೆಕ್ಸಿನ್ನಿನ ಮುಚ್ಚಳದಡಿ ಔಷಧಿ ಆರಿರಲೇ ಇಲ್ಲ. ಕಾರು ಬಿಸಿಲಿಗೆ ನಿಂತಾಗ ಅಂಚಿನಿಂದ ಆವಿಯಾಗಿ ಬರುತ್ತಿತ್ತು. ಮನುಷ್ಯರ ಮೂಗಿಗೆ ಹತ್ತದಷ್ಟು ಕಡಿಮೆ, ಆ ಹುಳುಗಳಿಗೆ ಬೇಕಾದಷ್ಟು. ಏಸಿ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿ ಅದನ್ನು ಟ್ರೇಗಳವರೆಗೆ ತಲುಪಿಸುತ್ತಿತ್ತು.

ಪಕ್ಕದ ಕಂಬಕ್ಕೆ ಒರಗಿ ನಿಂತಿದ್ದ ಮುನಿರಾಜು ಆಗ ನಡೆದದ್ದನ್ನು ಹೇಳಿದರು. ಪೆರೇಸಂದ್ರದಲ್ಲಿ ಅವರ ಭಾವನಿಗೆ ದ್ರಾಕ್ಷಿ ತೋಟವಿತ್ತು. ಯುಗಾದಿಗೆ ಮುಂಚೆ ಭಾವ ಹೇಳಿದರೆಂದು ಪಕ್ಕದೂರಿನ ತೋಟದಿಂದ ಅಲ್ಲಿಗೆ ಅರ್ಧ ಬಳಸಿದ ಔಷಧಿ ಕ್ಯಾನನ್ನು ಈ ಕಾರಿನಲ್ಲಿ ಸಾಗಿಸಿದ್ದರು. ರೋಡ್ ಹಂಪಿನಲ್ಲಿ ಅದು ಉರುಳಿ ಮುಚ್ಚಳ ಸಡಿಲಾಗಿತ್ತು. ಮೇಲೆ ಚೆಲ್ಲಿದ್ದನ್ನು ಒರೆಸಿ, ಸೋಪು ಹಾಕಿ ತೊಳೆದು, ಶುದ್ಧವಾಗಲೆಂದು ಗಂಜಲ ಚಿಮುಕಿಸಿ, ಗೋಮೂತ್ರ ಬಿದ್ದ ಮೇಲೆ ಯಾವ ದೋಷವೂ ಇರದು ಎಂದು ನೆಮ್ಮದಿಯಾಗಿದ್ದರು. ಹುಳು ಸತ್ತಾಗಲೂ ಅದು ಅವರ ತಲೆಗೆ ಬಂದಿರಲಿಲ್ಲ.

"ಹಿಂದ್ಗಡೆ ಟ್ರೇ ಇಡ್ತೀಯಲ್ಲ, ಅಲ್ಲಿ ಔಷ್ದಿ ಇಡ್ಬಾರ್ದು ಅಂತ್ಲೇ ಮುಂದೆ ಕಾಲ್ ಹತ್ರ ಇಟ್ಕೊಂಡೆ ಕಣೇ" ಎಂದರು.

ಪದ್ಮಮ್ಮ ಅವರನ್ನೇ ನೋಡಿದರು. ಏಸಿ ಗಾಳಿ ಎಳೆಯುವ ಬಾಯಿ ಇದ್ದದ್ದೇ ಆ ಜಾಗದಲ್ಲಿ, ಡಿಕ್ಕಿಯಲ್ಲಿ ಇಟ್ಟಿದ್ದರೆ ಬಹುಶಃ ಇಷ್ಟಾಗುತ್ತಿರಲಿಲ್ಲ.

"ನನ್ ಹುಳಕ್ಕೆ ಅಂತ ಅಷ್ಟು ಜೋಪಾನ ಮಾಡಿದ್ರಲ್ರೀ" ಎಂದರು ಪದ್ಮಮ್ಮ. ಬೈದಿದ್ದರೆ ಮುನಿರಾಜು ತಡೆದುಕೊಳ್ಳುತ್ತಿದ್ದರು. ಅವರು ಮುಖಕ್ಕೆ ಟವೆಲ್ ಹಿಡಿದು ಅತ್ತರು.

ದೋಷ ಸಿಕ್ಕಿದರೆ ಅರ್ಧ ಕೆಲಸ ಮುಗಿದಂತೆ ಎಂದು ಆಗ ನಾನು ತಿಳಿದಿದ್ದೆ. ಕಾರ್ಪೆಟ್, ಫೆಲ್ಟ್, ಸೀಟು ಎಲ್ಲ ತೆಗೆದು ಹೊಸದು ಹಾಕಿದೆವು. ಡ್ಯಾಶ್‌ಬೋರ್ಡ್ ಇಳಿಸಿ ಕೂಲಿಂಗ್ ಕಾಯಿಲ್ ತೊಳೆದೆವು. ಕಾರನ್ನು ಬಾಗಿಲು ತೆರೆದು ಬಿಸಿಲಿಗೆ ಬಿಟ್ಟು, ಮತ್ತೆ ತೊಳೆದು, ಮತ್ತೆ ಬಿಟ್ಟೆವು. ಪದ್ಮಮ್ಮ ಇನ್ನೊಂದು ಟ್ರೇ ತಂದರು. ಅದೇ ಪರೀಕ್ಷೆಯನ್ನು ಇನ್ನೂ ಹೆಚ್ಚು ಹೊತ್ತು ಮಾಡಿದೆವು. ಬಾಗಿಲು ತೆರೆದಾಗ ಹುಳುಗಳು ಸೊಪ್ಪು ತಿನ್ನುತ್ತಿದ್ದವು. ಅವು ಮುಂದೆ ಗೂಡು ಕಟ್ಟುವವರೆಗೂ ಪದ್ಮಮ್ಮ ತಮ್ಮ ಮನೆಯಲ್ಲೇ ಸಾಕಿ, ಗೂಡುಗಳನ್ನು ಒಂದು ಕವರಿನಲ್ಲಿ ತಂದು ನನ್ನ ಮೇಜಿನ ಮೇಲೆ ಇಟ್ಟರು. ನನ್ನ ನೌಕರಿಯಲ್ಲಿ ಅಷ್ಟು ಹೆಮ್ಮೆ ನನಗೆ ಇನ್ಯಾವ ಗಾಡಿಯಿಂದಲೂ ಆಗಿಲ್ಲ.

ಆದರೆ ಅಷ್ಟರಲ್ಲಿ ಸುದ್ದಿ ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ತಲುಪಿತ್ತು. ಮಾರುಕಟ್ಟೆಗೆ ಹೋದ ಮಾತು ನಾಲ್ಕು ತಾಲ್ಲೂಕು ಸುತ್ತಿ ಬರುತ್ತದೆ. ದಿಬ್ಬೂರಹಳ್ಳಿ ಚಾಕಿಯಲ್ಲಿ ಔಷಧಿ ಇದೆಯಂತೆ ಎಂಬಷ್ಟೇ ಉಳಿದು, ಕಾರು, ಕ್ಯಾನು, ಕಾರ್ಪೆಟ್ಟು ಎಲ್ಲ ಕಥೆಯಿಂದ ಬಿದ್ದುಹೋಗಿದ್ದವು.

ಕೈವಾರದ ಹತ್ತಿರದ ಪಿಳ್ಳಪ್ಪ ಎಂಬ ರೈತರು ಕೇಂದ್ರ ಶುರುವಾದಂದಿನಿಂದ ಪದ್ಮಮ್ಮನ ಬಳಿಯೇ ಚಾಕಿ ಕೊಳ್ಳುತ್ತಿದ್ದವರು. ಅವರು ಬಿಟ್ಟರೆ ಉಳಿದವರೂ ಬಿಟ್ಟಂತೆ. ಒಂದು ಭಾನುವಾರ ನಾನೂ ಪದ್ಮಮ್ಮನ ಜೊತೆ ಅದೇ ಕಾರಿನಲ್ಲಿ ಅವರ ಮನೆಗೆ ಹೋದೆ. ಕಾರನ್ನು ಹೇಗೆ ಶುದ್ಧ ಮಾಡಿದೆವು ಎಂದು ವಿವರಿಸಿದೆ. ಉತ್ಸಾಹದಲ್ಲಿ ನಮ್ಮ ಕಂಪನಿಯ ಅಮೆರಿಕದ ಕಥೆಯನ್ನೂ ಹೇಳಿದೆ. ಪದ್ಮಮ್ಮ, ಹುಳು ಕೆಟ್ಟರೆ ಬದಲಿಗೆ ಪುಕ್ಕಟೆ ಚಾಕಿ ಕೊಡುತ್ತೇನೆ ಎಂದರು.

ಪಿಳ್ಳಪ್ಪ ಸಮಾಧಾನವಾಗಿ ಕೇಳಿಸಿಕೊಂಡರು, ಕಾಫಿ ಕೊಡಿಸಿದರು.

"ಕಾರು ಕೆಟ್ರೆ ನಿಮ್ ಶೆಡ್ಡಿಗೆ ತಂದು ಬಿಡ್ತೀವಿ ಸಾರ್. ಹುಳ ಕೆಟ್ರೆ ಯಾರ್ ಶೆಡ್ಡಿಗೆ ಬಿಡಣ?" ಎಂದರು. ಆಮೇಲೆ ಪದ್ಮಮ್ಮನ ಕಡೆ ತಿರುಗಿ, "ಹುಳ ಬದ್ಲಿ ಕೊಡ್ತೀಯಮ್ಮ. ಅದು ತಿಂದ ಸೊಪ್ಪು ಎಲ್ಲಿಂದ ಕೊಡ್ತೀಯ? ಆ ಬೆಳೆ ಹೋದ್ರೆ ಹೋದಂಗೇ."

ಆದರೂ ಹಳೆಯ ವಿಶ್ವಾಸಕ್ಕೆ ಕಟ್ಟುಬಿದ್ದು ಅವರು ಇನ್ನೊಂದು ಬೆಳೆಗೆ ಒಪ್ಪಿದರು. ಆ ಕಾರು ಬೇಡ, ನನ್ನದೇ ಟೆಂಪೋ ಕಳಿಸುತ್ತೇನೆ ಎಂಬ ಒಂದು ಷರತ್ತು ಹಾಕಿದರು. ಪದ್ಮಮ್ಮ ಒಪ್ಪಿದರು. ಆ ಸಲದಷ್ಟು ಜತನವಾಗಿ ಅವರು ಹುಳು ಸಾಕಿದ್ದೇ ಇಲ್ಲ ಎಂದು ಮುನಿರಾಜು ನನಗೆ ಫೋನಿನಲ್ಲಿ ಹೇಳಿದ್ದರು.

ಅದು ಮಳೆ ನಿಂತು ಚಳಿ ಶುರುವಾಗುವ ಕಾಲ. ಚಾಕಿ ಚೆನ್ನಾಗಿ ಬೆಳೆಯಿತು. ಇನ್ನೇನು ಗೂಡು ಕಟ್ಟಬೇಕು ಎನ್ನುವಾಗ ಪಿಳ್ಳಪ್ಪನ ಹುಳುಮನೆಗೆ ಸುಣ್ಣಕಟ್ಟು ರೋಗ ಬಂತು. ಥಂಡಿ, ತೇವಕ್ಕೆ ಬರುವ ಬೂಷ್ಟಿನ ರೋಗ ಅದು. ಹುಳು ಸತ್ತು ಸುಣ್ಣದ ಕಡ್ಡಿಯಂತೆ ಬೆಳ್ಳಗೆ ಸೆಟೆದುಕೊಳ್ಳುತ್ತದೆ. ಔಷಧಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಹುಳು ಸಾಕುವ ಮನೆಯ ಮಗುವಿಗೂ ಗೊತ್ತು. ಪಿಳ್ಳಪ್ಪನಿಗೂ ಗೊತ್ತಿತ್ತು. ಆ ವರ್ಷ ಅಕ್ಕಪಕ್ಕದ ಊರುಗಳಲ್ಲೂ ಬಂದಿತ್ತು.

ಸುದ್ದಿ ಕೇಳಿ ಓಡಿಹೋದ ಪದ್ಮಮ್ಮನಿಗೆ ಅವರು ಅಂಗಳದಲ್ಲೇ ಕೈ ಮುಗಿದರಂತೆ. ಮನೆಮಾತು ತೆಲುಗಿನಲ್ಲಿ ಒಂದೇ ಮಾತು ಹೇಳಿದರಂತೆ. "ಇಂಕ ಒದ್ದಮ್ಮ." ಇನ್ನು ಬೇಡಮ್ಮ. ಅದರಲ್ಲಿ ಸಿಟ್ಟಿರಲಿಲ್ಲ ಎಂದು ನನಗೆ ಹೇಳುವಾಗ ಪದ್ಮಮ್ಮ ಎರಡು ಸಲ ಒತ್ತಿ ಹೇಳಿದರು. ಸಂಕ್ರಾಂತಿಯ ಹೊತ್ತಿಗೆ ಚಾಕಿ ಕೇಂದ್ರಕ್ಕೆ ಬೀಗ ಬಿತ್ತು.

ಮರುವರ್ಷದ ಬೇಸಿಗೆಯಲ್ಲಿ, ನನ್ನ ಕೊನೆಯ ವಾರಗಳಲ್ಲಿ, ಪದ್ಮಮ್ಮ ಕಾರನ್ನು ಮಾಮೂಲಿ ಸರ್ವಿಸಿಗೆ ತಂದರು. ಒಬ್ಬರೇ ಬಂದಿದ್ದರು. ಮುನಿರಾಜು ಆ ಕಾರು ಹತ್ತುವುದನ್ನೇ ಬಿಟ್ಟಿದ್ದರು, ಎಲ್ಲಿಗೆ ಹೋದರೂ ಬಸ್ಸು. ಪದ್ಮಮ್ಮ ಚಿಂತಾಮಣಿಯ ಕಡೆ ಬೇರೆಯವರ ಚಾಕಿ ಕೇಂದ್ರದಲ್ಲಿ ಸಂಬಳಕ್ಕೆ ಸೇರಿದ್ದರು. ಅವರ ಕೈಗುಣ ಗೊತ್ತಿದ್ದವರು ಕರೆದು ಕೆಲಸ ಕೊಟ್ಟಿದ್ದರು.

"ಒಂದೇ ಹೇಳವ್ರೆ ಸಾರ್. ಕಾರು ಗೇಟಿಂದ ಆಚೆ, ರೋಡಲ್ಲೇ ನಿಲ್ಸು ಅಂತ. ನಾನಾಗಿದ್ರೂ ಹಂಗೇ ಹೇಳ್ತಿದ್ದೆ" ಎಂದರು.

ಮೂವತ್ತು ವರ್ಷಕ್ಕೆ ಹತ್ತಿರದ ನೌಕರಿ ನನಗೆ ಕಲಿಸಿದ್ದು ಇದನ್ನು, ಅದೂ ಕೊನೆಯ ವರ್ಷದಲ್ಲಿ. ಪಾರ್ಟು ಬದಲಿಸಬಹುದಾದ ವಸ್ತುವಿಗೆ ಮಾತ್ರ ವಾರಂಟಿ ಕೊಡಲು ಸಾಧ್ಯ. ಕೊರಿಯಾದ ಕಂಪನಿಗೆ ಹಣವಿತ್ತು, ಕಾಯುವ ಶಕ್ತಿಯಿತ್ತು, ಕೆಟ್ಟ ಕಾರಿನ ಬದಲು ಒಳ್ಳೆಯ ಕಾರು ಕೊಡುತ್ತಾ ಕೂರುವಷ್ಟು ವರ್ಷಗಳಿದ್ದವು. ದಿಬ್ಬೂರಹಳ್ಳಿಯ ಒಬ್ಬ ಹೆಂಗಸಿಗೆ ಇದ್ದದ್ದು ಒಂದು ಹೆಸರು. ಅದನ್ನು ನಾನು ಎಷ್ಟು ತೊಳೆದರೂ ಶುದ್ಧವಾಗಲಿಲ್ಲ. ಟ್ರೇನಿಂಗಿನಲ್ಲಿ ಹೇಳಿಕೊಟ್ಟ ಆ ಕಥೆಯನ್ನು ಆಮೇಲೆ ನಾನು ಯಾವ ಹುಡುಗನಿಗೂ ಹೇಳಲಿಲ್ಲ.

ಸರ್ವಿಸ್ ಮುಗಿದ ಮೇಲೆ ನಾನೇ ಕಾರನ್ನು ಒಂದು ಸುತ್ತು ಓಡಿಸಿ ನೋಡಿದೆ. ಎಂಜಿನ್ ಹೊಸದರಂತಿತ್ತು. ಏಸಿ ಹಾಕಿದರೆ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಕೈ ತಣ್ಣಗಾಯಿತು. ಕೀ ಕೊಡುತ್ತಾ, "ಏಸಿ ಚೆನ್ನಾಗಿದೆ ಕಣಮ್ಮ, ಹಾಕ್ಕೊಂಡು ಹೋಗಿ. ಬಿಸಿಲು ಜಾಸ್ತಿಯಿದೆ" ಎಂದೆ.

"ಗೊತ್ತು ಸಾರ್" ಎಂದರು. "ಆ ಬಟನ್ ಕಡೆ ಕೈ ಹೋಗಲ್ಲ."

ಹಿಂದಿನ ಸೀಟು ಇನ್ನೂ ಟ್ರೇಗಳಿಗಾಗಿ ಮಡಿಸಿದಂತೆಯೇ ಇತ್ತು. ಪದ್ಮಮ್ಮ ನಾಲ್ಕೂ ಕಿಟಕಿಯ ಗಾಜು ಇಳಿಸಿ, ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಆ ಬಿಸಿಗಾಳಿಯಲ್ಲೇ ಗೇಟು ದಾಟಿದರು.