ಅರ್ಧ ತಲೆಗೆ ಜಡೆ, ಗೋಡೆಯ ಟೀವಿಯಲ್ಲಿ ಪಾಠ

ನನ್ನ ಅಕ್ಕ ಒನೈಡಾ, ಅಜ್ಜಿಮನೆಯ ಮೆಟ್ಟಿಲ ಮೇಲೆ ನನ್ನ ತಲೆಯಲ್ಲೇ ಜಡೆ ಹೆಣೆಯಲು ಕಲಿತವಳು. ಈಗ ಜಾಕ್ಸನ್ ಪಟ್ಟಣದಲ್ಲಿ ಅವಳದೇ ಜಡೆ ಹೆಣೆಯುವ ಅಂಗಡಿ. ಸಣ್ಣ ಜಡೆಗಳನ್ನು ಹೆಣೆಯಲು ಒಂದೊಂದು ತಲೆಗೂ ಅರ್ಧ ದಿನ ಹಿಡಿಯುತ್ತದೆ.

ಸೋದರಮಾವನ ಮಗ ಡಾರ್ನೆಲ್ ಎಚ್‌ಐವಿಯಿಂದ ತೀರಿಕೊಂಡಾಗ ಮನೆಯವರೆಲ್ಲ ನ್ಯುಮೋನಿಯಾ ಎಂದು ಮುಚ್ಚಿಹಾಕಿದರು. ಅಕ್ಕ ಅದನ್ನು ಮರೆಯಲಿಲ್ಲ. ಕ್ಲಿನಿಕ್ಕಿನವರು ಜಡೆ ಅಂಗಡಿಗಳಿಗೆ ಎಚ್‌ಐವಿ ತಡೆಯುವ ಪಾಠಗಳಿರುವ ಟ್ಯಾಬ್ಲೆಟ್ ಕಂಪ್ಯೂಟರ್ ಕೊಡುತ್ತಾರೆಂದು ಕೇಳಿ, ತಾನೇ ಹೋಗಿ ತಂದಳು. ಜೊತೆಗೆ ಇಯರ್‌ಫೋನ್ ಕೊಟ್ಟಿದ್ದರು, ಗಿರಾಕಿಗಳು ಗುಟ್ಟಾಗಿ ಕೇಳಲಿ ಎಂದು. ಕಿವಿಗೆ ಅದನ್ನು ಸಿಕ್ಕಿಸಿದರೆ ಕಿವಿಯ ಸುತ್ತಲಿನ ಕೂದಲು ಹಿಡಿಯುವುದು ಹೇಗೆ? ಅದನ್ನು ಎತ್ತಿಟ್ಟು, ಪಾಠವನ್ನು ಗೋಡೆಯ ಟೀವಿಗೇ ಹಾಕಿದಳು, ಎಲ್ಲರಿಗೂ ಕೇಳುವಂತೆ.

ಮೊನ್ನೆ ಶನಿವಾರ ಕುರ್ಚಿಯಲ್ಲಿದ್ದವರು ನಮ್ಮ ಚರ್ಚಿನ ಹಿರಿಯಮ್ಮ, ಗೌರವಕ್ಕೆ ಎಲ್ಲರೂ ಮದರ್ ಎಂದು ಕರೆಯುವ ಅರ್ಥೆಲ್ಲಾ. ಹಾಡುವ ತಂಡದ ಹೆಂಗಸರೆಲ್ಲ ಅವರು ಹೋದಲ್ಲಿಗೇ ಹೋಗುವವರು. ಅವರು ಮುನಿಸಿಕೊಂಡರೆ ಅಂಗಡಿಗೆ ಬೀಗವೇ ಗತಿ. ಅವರ ಅರ್ಧ ತಲೆ ಹೆಣೆದು ಮುಗಿದಾಗ ಅಕ್ಕ ಟೀವಿಯಲ್ಲಿ ಪಾಠ ಹಾಕಿದಳು.

"ಆರಿಸೇ ಅದನ್ನ! ಜಡೆ ಹಾಕಿಸ್ಕೊಳ್ಳೋಕೆ ಬಂದಿದೀನಿ, ಈ ಹೊಲಸು ಮಾತು ಕೇಳೋಕಲ್ಲ."

"ಹೊಲಸಲ್ಲ ಮದರ್, ಆರೋಗ್ಯದ ಮಾತು. ಆರಿಸಲ್ಲ."

"ಹಾಗಾದ್ರೆ ನಾ ಹೊರಟೆ."

"ಹೊರಡಿ. ಎಡಗಡೆ ಜಡೆ, ಬಲಗಡೆ ಪೊದೆ. ನಾಳೆ ಚರ್ಚಲ್ಲಿ ಮುಂದಿನ ಸಾಲಲ್ಲೇ ಕೂತ್ಕೊಳ್ಳಿ, ಎಲ್ರಿಗೂ ಕಾಣ್ಲಿ."

ಅಕ್ಕ ಕುರ್ಚಿಯಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಮೂಲೆಯಲ್ಲಿ ನನ್ನ ಮಗುವಿಗೆ ಹಾಲೂಡಿಸುತ್ತಾ ನಾನು ನೋಡುತ್ತಿದ್ದೆ. ಮದರ್ ಎದ್ದು ಕನ್ನಡಿ ನೋಡಿಕೊಂಡರು; ಗೊಣಗುತ್ತಲೇ ಕೂತರು.

ಟೀವಿ ಕೇಳಿತು: "ಮದುವೆಯಾದ ಹೆಂಗಸಿಗೆ ಎಚ್‌ಐವಿ ಪರೀಕ್ಷೆ ಬೇಕಿಲ್ಲ. ಸರಿಯೋ, ತಪ್ಪೋ?"

"ಸರಿ!" ಮದರ್ ಬಾಯಿಂದ ತಾನಾಗಿ ಬಂತು.

"ತಪ್ಪು" ಎಂದಿತು ಟೀವಿ. ಅಂಗಡಿಯೆಲ್ಲ ಗೊಳ್ಳೆಂದಿತು.

"ಆ ಡಬ್ಬಕ್ಕೆ ನನ್ನ ಗಂಡ ಗೊತ್ತೇನೇ?"

"ನಿಮಗೆ ಪೂರ್ತಿ ಗೊತ್ತಾ ಮದರ್?" ಪಕ್ಕದ ಕುರ್ಚಿಯಿಂದ ಯಾರೋ ಚುಚ್ಚಿದರು.

"ನೀನು ಬಾಯ್ಮುಚ್ಚು. ನಿನ್ನ ಗಂಡನ ಕಥೆ ಊರಿಗೇ ಗೊತ್ತು."

ಆಮೇಲೆ ಮಾತ್ರೆಯ ಪಾಠ ಬಂತು. ಸೋಂಕು ತಗಲದಂತೆ ಮೊದಲೇ ನುಂಗುವ ಮಾತ್ರೆಯಿದೆ. ತಗಲಿದವರೂ ಔಷಧಿ ತಪ್ಪಿಸದೆ ವೈರಸ್ಸನ್ನು ಪರೀಕ್ಷೆಯಲ್ಲಿ ಕಾಣದಷ್ಟು ತಗ್ಗಿಸಿಟ್ಟರೆ ಸಂಗಾತಿಗೆ ದಾಟುವುದಿಲ್ಲ. ಮದರ್ ಟೀವಿಯಿಂದ ಕಣ್ಣು ತೆಗೆಯದೆ ಮೆಲ್ಲಗೆ, "ಡಾರ್ನೆಲ್‌ಗೂ ಇದೇ ಅಲ್ವೇನೇ ಆಗಿದ್ದು?" ಎಂದರು.

"ಹೌದು ಮದರ್." ಅಕ್ಕ ಹೆಣೆಯುವುದನ್ನು ನಿಲ್ಲಿಸಲಿಲ್ಲ.

ಕೊನೆಯ ಜಡೆಯ ತುದಿ ಬಿಚ್ಚಿಕೊಳ್ಳದಂತೆ ಬಿಸಿನೀರಿಗೆ ಅದ್ದಿ ಒರೆಸಿ, ಅಕ್ಕ ಮದರ್ ಕೊರಳಿನ ಮೇಲುಹೊದಿಕೆ ಬಿಚ್ಚಿದಳು. "ಮುಗೀತು. ಇನ್ನು ನೀವು ಹೋಗ್ಬಹುದು."

ಮದರ್ ಏಳಲಿಲ್ಲ. "ಪಾಠ ಇನ್ನೂ ಮುಗಿದಿಲ್ವಲ್ಲೇ. ನಮ್ಮ ಹಾಡೋ ಹುಡ್ಗೀರಿಗೆ ಹೇಳ್ಬೇಕಾದ್ರೆ ನಂಗೆ ನೆಟ್ಟಗೆ ಗೊತ್ತಿರ್ಬೇಡ್ವಾ? ಸ್ವಲ್ಪ ಜೋರಾಗಿ ಇಡು."

ನನ್ನಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡು ಟೀವಿಯ ದನಿ ಹೆಚ್ಚಿಸಿದಳು.