ತಾಮ್ರದಿಂದ ಅಳಿಸಿದ ಮುಖ

ಹಾಲೆಂಡಿನ ಹಾರ್ಲೆಮ್ ಊರಿನ ನಮ್ಮ ಅಚ್ಚಿನ ಮನೆಯಲ್ಲಿ ಮಾಖ್ಟೆಲ್ಟ್ ಅಕ್ಕನದು ಚಿತ್ರ ಕೆತ್ತಿ ಅಚ್ಚೊತ್ತುವ ತಾಮ್ರದ ತಗಡು ಉಜ್ಜುವ ಕೆಲಸ. ಹೆರಿಂಗ್ ಮೀನು ಹಿಡಿಯಲು ಹೋದ ಗಂಡ ಸಮುದ್ರದಿಂದ ಮರಳಲಿಲ್ಲ. ಅಂದಿನಿಂದ ಈ ಕೆಲಸವೇ ಅನ್ನ. ಕೆತ್ತನೆಗಾರ ತಪ್ಪಾಗಿ ಎಳೆದ ಗೆರೆಯನ್ನು ಕೆರೆದು, ತಗಡಿನ ಬೆನ್ನಿಗೆ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಅಲ್ಲೊಂದು ಗೆರೆ ಇತ್ತೆಂದು ಯಾರಿಗೂ ತಿಳಿಯದಂತೆ ನುಣುಪು ಮಾಡುತ್ತಿದ್ದಳು. ನಾನು ಅಚ್ಚೊತ್ತುವವನು. ಹದಿನಾಲ್ಕು ವರ್ಷ ಅವಳ ಪಕ್ಕದಲ್ಲೇ ದುಡಿದೆ.

ಆಗ ವಾಸ್ತುಶಿಲ್ಪಿಗಳ ಮುಖಚಿತ್ರಗಳಿಗೆ ಒಳ್ಳೆಯ ಗಿರಾಕಿಯಿತ್ತು. ಗಂಜಿ ಹಾಕಿದ ಬಿಳಿ ಕೊರಳಪಟ್ಟಿ, ಕೈಯಲ್ಲಿ ಕೈವಾರ, ಕೆಳಗೆ ಹೆಸರು. ವಾಸ್ತುಶಿಲ್ಪಿ ಎವರ್ಟ್ ಹಾಗೆನೌ ಅವರ ಚಿತ್ರ ಆರು ವರ್ಷ ನಮ್ಮ ಕಿಟಕಿಯಲ್ಲಿತ್ತು. ಆಮೇಲೆ ಅವರು ಕಟ್ಟಿಸಿದ ಉಗ್ರಾಣವೊಂದು ಕುಸಿದು ಇಬ್ಬರು ಕೂಲಿಗಳು ಸತ್ತರು. ಚಿತ್ರ ಕೇಳುವವರೇ ಇಲ್ಲವಾದರು.

"ಒಳ್ಳೇ ತಗಡು, ಹಾಳು ಮಾಡೋದ್ಯಾಕೆ?" ಎಂದ ನಮ್ಮ ಯಜಮಾನ ಯೋಸ್ಟ್. "ತಲೆ ಒಂದನ್ನ ಉಜ್ಜಿ ಹಾಕು. ಮೈ, ಕೈ ಹಾಗೇ ಇರ್ಲಿ. ಮೇಲೆ ಆ ಹೊಸ ವಾಸ್ತುಶಿಲ್ಪಿ ರೈನಿಯರ್ ಅವರ ಮುಖ ಕೂರಿಸ್ತೀವಿ. ಈಗ ಅವರದೇ ಹವಾ."

"ಹಾಗೆನೌ ಇನ್ನೂ ಬದುಕಿದಾರೆ, ಯಜಮಾನ್ರೇ," ಎಂದಳು ಮಾಖ್ಟೆಲ್ಟ್.

"ಬದುಕಿರ್ಲಿ ಬಿಡು. ಅವರ ನಿಜವಾದ ತಲೆ ಕೇಳ್ತಿದೀನಾ ನಾನು?"

ಎರಡು ದಿನ ಅವಳು ಆ ತಗಡು ಮುಟ್ಟಲಿಲ್ಲ. ಮೂರನೆಯ ದಿನ ಮಧ್ಯಾಹ್ನ ನನ್ನನ್ನು ಜೊತೆಗೆ ಕರೆದುಕೊಂಡು ಹಾಗೆನೌ ಅವರ ಮನೆಗೆ ಹೋದಳು. ಅವರು ಒಬ್ಬರೇ ಕೂತು ಮಜ್ಜಿಗೆ ಗಂಜಿ ಕುಡಿಯುತ್ತಿದ್ದರು. ವಿಷಯ ಹೇಳಿದಳು. ಅವರು ಬಟ್ಟಲು ಕೆಳಗಿಡಲಿಲ್ಲ.

"ಉಜ್ಜಿಬಿಡಮ್ಮ. ಸತ್ತ ಆ ಇಬ್ಬರ ಮುಖ ಯಾರೂ ಕೆತ್ತಲಿಲ್ಲ. ನಂದು ಯಾಕೆ ಉಳೀಬೇಕು?"

"ನನಗೆ ಒಂದು ಸಲ ಬೈದುಬಿಡಿ, ಹೋಗ್ತೀನಿ."

"ಬೈದ್ರೆ ನಿನಗೆ ಹಗುರ ಆಗುತ್ತೆ. ನನಗೆ ಏನಾಗುತ್ತೆ?"

ಮರುದಿನ ಅವಳು ಚಿತ್ರದ ಕೂದಲಿನಿಂದ ಶುರು ಮಾಡಿ ಗಡ್ಡ, ಬಾಯಿ, ಮೂಗು ಕೆರೆದಳು. ಕಣ್ಣುಗಳನ್ನು ಕೊನೆಗೆ ಉಳಿಸಿಕೊಂಡಿದ್ದಳು. ಸಂಜೆಯ ಹೊತ್ತಿಗೆ ಕೊರಳಪಟ್ಟಿಯ ಮೇಲೆ ಬರೀ ತಾಮ್ರ ಹೊಳೆಯುತ್ತಿತ್ತು.

ಹೊಸ ಮುಖದ ಚಿತ್ರ ಬಿಸಿಬಿಸಿಯಾಗಿ ಮಾರಿಹೋಯಿತು. ರೈನಿಯರ್ ಅವರೇ ಅಂಗಡಿಗೆ ಬಂದರು. "ಮುಖ ಇರ್ಲಿ, ಕೈ ನೋಡಿ, ಥೇಟ್ ನಂದೇ," ಎಂದು ಹಿಗ್ಗಿದರು.

"ಅದು ನಿಮ್ಮ ಕೈಯಲ್ಲ ಸ್ವಾಮಿ," ಎಂದಳು ಮಾಖ್ಟೆಲ್ಟ್. ಅವರು ತಮಾಷೆಯೆಂದುಕೊಂಡು ನಕ್ಕರು. ಯಜಮಾನ ನಗಲಿಲ್ಲ.

ಅವರು ಹೋದ ಮೇಲೆ ಅವಳೇ ಯಜಮಾನನ ಹತ್ತಿರ ಹೋಗಿ, "ಮುಖದ ಕೆಲಸ ಇನ್ನು ನನ್ನ ಕೈಲಾಗಲ್ಲ. ಭೂಪಟದ ತಗಡು ಕೊಡಿ," ಎಂದಳು. ಯೋಸ್ಟ್ ಕೂಗಾಡಿದ, ಆದರೂ ಕೊಟ್ಟ. ಅಂಥ ಕೈ ಊರಲ್ಲಿ ಇನ್ನೊಂದಿರಲಿಲ್ಲ. ಮುಂದೆ ಒಂಬತ್ತು ವರ್ಷ ದಿಕ್ಕು ಬದಲಿಸಿದ ಕಾಲುವೆಗಳನ್ನು, ನೀರು ನುಂಗಿದ ಹಳ್ಳಿಗಳನ್ನು ಉಜ್ಜಿದಳು. ಬರಬರುತ್ತ ಅದೂ ಕಷ್ಟವಾಯಿತು. ಒಂದು ಹಳ್ಳಿಯ ಹೆಸರು ಅಳಿಸುವ ಮೊದಲು ದೋಣಿ ನಿಲ್ಲುವ ದಕ್ಕೆಗೆ ಹೋಗಿ, ಅಲ್ಲಿ ಯಾರಾದರೂ ಉಳಿದಿದ್ದಾರಾ ಎಂದು ದೋಣಿಯವರನ್ನು ವಿಚಾರಿಸಿ ಬರುತ್ತಿದ್ದಳು.